ಕೂರದ ಕವರು

ಮಂಗಳವಾರ, ೧೪ ಅಕ್ಟೋಬರ್

ಬೈಕಿನ ಹೆಡ್‌ಲೈಟ್ ಸರಿಯಾಯ್ತು, ನನ್ನ ತಲೆ ಕೆಟ್ಟುಹೋಯ್ತು. ಹೆಂಡತಿ ಸಿಂಧು, ಕೋಟೆ ಊರಿನ ಆಸ್ಪತ್ರೇಲಿ ಡ್ಯೂಟಿ ಮುಗಿಸಿ ಇದೇ ಬೈಕಲ್ಲಿ ಕಾಡಂಚಿನ ದಾರೀಲಿ ಕತ್ತಲಲ್ಲೇ ಮನೆಗೆ ಬರಬೇಕು. ಮೊನ್ನೆ ಆ ಮಂಕು ಬೆಳಕಲ್ಲಿ ತೀರಾ ಹತ್ತಿರ ಹೋಗೋವರೆಗೂ ಆನೆ ಕಾಣಲಿಲ್ಲವಂತೆ. ಅದನ್ನ ಕೇಳಿದ ಮೇಲೆ ಸುಮ್ಮನಿರೋಕಾಗದೆ ನಾನೇ ರಿಪೇರಿಗೆ ಕೂತೆ.

ಮುಂದಿನ ಫೈಬರ್ ಕವರ್ ಬಿಚ್ಚಿ, ಅರ್ಧ ಸುಟ್ಟಿದ್ದ ಬಲ್ಬಿನ ಹೋಲ್ಡರ್ ಬದಲಾಯಿಸಿದೆ. ಅಲ್ಲಿವರೆಗೆ ಸರಿ. ಆಮೇಲೆ ಕವರ್ ಕೂರಲೇ ಇಲ್ಲ. ಎಡಗಡೆ ಕೂರಿಸಿದರೆ ಬಲಗಡೆ ಎದ್ದು ಬರುತ್ತೆ. ಸಂಜೆಯೆಲ್ಲಾ ಇದೇ ಆಯ್ತು.

ಟಾರ್ಚ್ ಹಿಡಿದಿದ್ದ ಸಿಂಧು, "ಒಳಗೆ ವಯರು ಸಿಕ್ಕಾಕ್ಕೊಂಡದೆ ಕಣ್ರೀ, ಅದುಮ್ಬೇಡಿ" ಅಂದಳು.

"ನಂಗೊತ್ತು, ನೀ ಸುಮ್ನಿರು" ಅಂತ ರೇಗಿ ಅದುಮಿದೆ. ಸ್ಕ್ರೂ ಕೂರೋ ಜಾಗವೇ ಚಟ್ಟನೆ ಮುರೀತು.

ಅವಳು ಟಾರ್ಚ್ ಆರಿಸಿ ಕೆಳಗಿಟ್ಟಳು. ಕವರ್ ಇಲ್ಲದೆಯೇ ಬೀದಿ ಕೊನೆವರೆಗೆ ಓಡಿಸಿಕೊಂಡು ಬಂದು, "ದಾರಿ ಚೆನ್ನಾಗ್ ಕಾಣ್ತದೆ. ನಾಳೆ ಇಂಗೇ ಓಯ್ತೀನಿ ಬುಡಿ" ಅಂದಳು.

ಬೈದಿದ್ದರೇ ವಾಸಿ ಇತ್ತು. ಈಗ ಮಲಗಿದ್ದಾಳೆ, ನಿದ್ದೆ ಬಂದಿಲ್ಲ ಅಂತ ಗೊತ್ತು. ತಪ್ಪಾಯ್ತು ಅನ್ನೋಣ ಅಂತ ಎರಡು ಸಲ ಬಾಗಿಲವರೆಗೆ ಹೋದೆ. ಬಾಯಿಗೆ ಬಂದಿದ್ದು, "ಅಂಟು ಎಲ್ಲಿಟ್ಟಿದ್ದೀಯಾ" ಅಂತ. ಅದಕ್ಕೂ ಅವಳು ಬೈಯಲಿಲ್ಲ, "ಕಪಾಟಲ್ಲದೆ ಕಣ್ರೀ" ಅಂದಳು.