ಗಿಳಿಮರಿಯ ಅರ್ಧ ಮುಖ

ಟೀಚರ್ ಅವರಿಗೆ ನಮಸ್ಕಾರ.

ನೀವು ‘ಗಿಳಿಮರಿ’ ಎಂದು ಕರೆಯುವ ನನ್ನ ಮಗಳು ಸೋಮವಾರದಿಂದ ಶಾಲೆಗೆ ಬರುತ್ತಾಳೆ. ಅವಳ ಎಡಗೆನ್ನೆ ಇನ್ನೂ ಜೋತುಬಿದ್ದಿದೆ. ಹುಲ್ಲಿನಲ್ಲಿ ಆಡುವಾಗ ಉಣ್ಣಿ ಹುಳ ಕಚ್ಚಿ ಲೈಮ್ ಕಾಯಿಲೆ ಬಂತು, ಅದು ಮುಖದ ನರಕ್ಕೂ ತಗುಲಿದೆ. ಬೇರೆ ಮಕ್ಕಳಿಗೆ ಅಂಟುವುದಿಲ್ಲ.

ಎಲ್ಲರನ್ನೂ ಅಣಕಿಸುವವಳಲ್ಲವೇ ಇವಳು? ಮೊದಲ ದಿನ ಬಾಯಿ ಸೊಟ್ಟಗಾದಾಗ, ಹಲ್ಲು ಕೀಳಿಸಿಕೊಂಡು ಬಂದಿದ್ದ ಅವಳ ಸೋದರತ್ತೆಯನ್ನು ಅಣಕಿಸುತ್ತಿದ್ದಾಳೆ ಎಂದುಕೊಂಡು ಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು. “ಇನ್ನೊಂದ್ಸಲ ಮಾಡೇ” ಎಂದವಳು ನಾನೇ.

“ಅಮ್ಮಾ, ನಾನೇನೂ ಮಾಡ್ತಿಲ್ಲ” ಅಂದಳು.

ಎಡಗಣ್ಣು ಪೂರ್ತಿ ಮುಚ್ಚುವುದಿಲ್ಲ. ಊಟದ ಹೊತ್ತಿಗೆ ಯಾರಿಂದಲಾದರೂ ಡ್ರಾಪ್ಸ್ ಹಾಕಿಸಿ, ಬಾಟಲಿ ಅವಳ ಚೀಲದಲ್ಲೇ ಇರುತ್ತದೆ. ತಲೆನೋವು, ಕತ್ತುನೋವು ಎಂದರೆ ನೆಪ ಎಂದುಕೊಳ್ಳದೆ ನನಗೆ ಫೋನ್ ಮಾಡಿ. ಈಚೆಗೆ ಮರೆವು ಜಾಸ್ತಿ, ಪಾಠ ತಪ್ಪಿದರೆ ಗದರಬೇಡಿ. ಸರಿಹೋಗುತ್ತದೆ ಎಂದು ಡಾಕ್ಟರ್ ಹೇಳಿದ್ದಾರೆ. ಯಾವಾಗ ಎಂದು ಹೇಳಿಲ್ಲ. ಹಾಗಾಗಿ ನಾನು ಹೋಗ್ತಾ ಬರ್ತಾ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿರುತ್ತೇನೆ.

ನಿನ್ನೆ ಅವಳು ತನ್ನ ಗೊಂಬೆಯ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿ, “ಎಲ್ಲಿ, ಒಂಚೂರು ನಗು, ನೋಡೋಣ” ಅಂದಳು. ಅಣಕಿಸುತ್ತಿದ್ದದ್ದು ನನ್ನನ್ನೇ; ನನ್ನ ಹೆದರಿಕೆಯೆಲ್ಲ ಅವಳ ಅರ್ಧ ಮುಖದಲ್ಲೇ ಇತ್ತು. ನನಗೆ ನಗಲು ಧೈರ್ಯ ಬರಲಿಲ್ಲ.

ತರಗತಿಯಲ್ಲಿ ಅವಳು ನನ್ನನ್ನು ಅಣಕಿಸಿದರೆ ದಯವಿಟ್ಟು ತಡೆಯಬೇಡಿ. ನೀವಾದರೂ ನಕ್ಕುಬಿಡಿ.

ಇತಿ,
ಗಿಳಿಮರಿಯ ಅಮ್ಮ