ಅಂಚಿನ ಪಾಲು

ಮಾರ್ಚ್ 2, ಭಾನುವಾರ
ಕತ್ತರಿಗಳಿಗೆ ಎಣ್ಣೆ ಹಾಕಿದೆ, ಬಾಚಣಿಗೆ ತೊಳೆದೆ. ತಲೆ ಮಾತ್ರ ಇನ್ನೂ ಚರ್ಚಲ್ಲಿ ಪಾದ್ರಿ ಹೇಳಿದ ಮಾತಲ್ಲೇ. ಹೊಲ ಕೊಯ್ಯುವಾಗ ಅಂಚು ಬಿಡಬೇಕು, ಅದು ಬಡವರ ಪಾಲು ಅಂತ ಬೈಬಲ್ಲಲ್ಲಿದೆಯಂತೆ. ನನಗೆಲ್ಲಿ ಹೊಲ? ಇರೋದು ಒಂದು ಸಲೂನು, ಒಂದು ಕುರ್ಚಿ. ಹೆಂಡತಿ ಅಂದಳು, "ಶನಿವಾರದ ಕೊನೇ ಗಂಟೆ ಬಡವರಿಗೆ ಬಿಟ್ಟಿ ಅಂತ ಬಿಡಿ. ಅದೇ ನಿಮ್ಮ ಅಂಚು." ಇವಳಿಗೆ ಎಲ್ಲಾ ಸುಲಭ!

ಮಾರ್ಚ್ 8, ಶನಿವಾರ
ಕೊನೇ ಗಂಟೆಗೆ ಬಾ ಅಂದಿದ್ದೆ, ಬಸ್ ಸ್ಟ್ಯಾಂಡಲ್ಲಿ ಮಲಗೋ ಗಡ್ಡದವನು ಬಂದ. ನಾತ... ಕುರ್ಚಿ ಖಾಲಿ ಇತ್ತು. ಆದರೂ ಹಿಂದುಗಡೆ, ನಲ್ಲಿ ಹತ್ತಿರ, ಸ್ಟೂಲ್ ಮೇಲೆ ಕೂರಿಸಿದೆ. ಹರಕು ಟವೆಲ್, ಮೊಂಡು ಕತ್ತರಿ. ಗಿರಾಕಿ ಯಾರಾದ್ರೂ ನೋಡಿಬಿಟ್ಟರೆ ಅಂತ ಗಾಬರಿ — ಗಡ್ಡ ಮುಟ್ಟದೆ, ಬರೀ ತಲೆಗೂದಲು ಹತ್ತೇ ನಿಮಿಷಕ್ಕೆ ಮುಗಿಸಿದೆ.
"ನಾಳೆ ಮಗಳ ಮನೆಗೆ ಹೋಗ್ತೀನಣ್ಣ. ಆರು ವರ್ಷ ಆಯ್ತು ಮುಖ ನೋಡಿ. ಕನ್ನಡಿ ತೋರಿಸ್ತೀರಾ?"
"ಚೆನ್ನಾಗೇ ಇದೆ, ಹೋಗಯ್ಯ."
ಪುಣ್ಯ ಕಟ್ಟಿಕೊಂಡೆ ಅಂತ ಶಿಳ್ಳೆ ಹಾಕ್ಕೊಂಡು ಮನೆಗೆ ಬಂದೆ.

ಮಾರ್ಚ್ 11, ಬೆಳಿಗ್ಗೆ
ಅವನು ಬಸ್ ಸ್ಟ್ಯಾಂಡಲ್ಲೇ ಇದ್ದ. ತಲೆಗೂದಲು ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ — ಇಲಿ ತಿಂದ ಹಾಗೆ. ಥೂ! ಇಪ್ಪತ್ತು ವರ್ಷದ ಕಸುಬು ನನ್ನದು.
"ಮಗಳ ಮನೆಗೆ ಹೋಗಲಿಲ್ವಾ?"
"ಬಾಗಿಲವರೆಗೂ ಹೋದೆ. ಕಿಟಕಿ ಗಾಜಲ್ಲಿ ನನ್ನ ಮುಖ ಕಾಣಿಸ್ತು. ವಾಪಸ್ ಬಂದೆ."
ಬೈಯಲಿಲ್ಲ. ಬೈದಿದ್ರೇ ವಾಸಿಯಿತ್ತು. ಶನಿವಾರ ಬಾ ಅಂದೆ. ಹೊದಿಕೆ ತಲೆ ಮೇಲೆ ಎಳ್ಕೊಂಡ.

ಮಾರ್ಚ್ 13
ಯೋಚನೆ ಎಲ್ಲೋ, ಕತ್ತಿ ಎಲ್ಲೋ. ಖಾಯಂ ಗಿರಾಕಿ ಮೇಷ್ಟ್ರ ಕೆನ್ನೆ ಗೀರಿದೆ. ಅಂಚಿನ ತೆನೆ ಏನು ಜೊಳ್ಳಾ? ನಡುವಿನ ತೆನೆಯಂಥದ್ದೇ ಅಲ್ವಾ? ನಾನು ಬಿಟ್ಟಿದ್ದು ಅಂಚಲ್ಲ, ಕಸ.

ಮಾರ್ಚ್ 15, ಶನಿವಾರ
ಐದಕ್ಕೇ ಕುರ್ಚಿ ಒರೆಸಿ ಹೊಸ ಟವೆಲ್ ಇಟ್ಟು ಕಾದೆ. ಮೇಷ್ಟ್ರು ಇಣುಕಿದ್ರು. "ಖಾಲಿ ಇದೆಯಲ್ಲೋ?"
"ಇಲ್ಲ ಸಾರ್, ಬೇರೆಯವರಿಗೆ ಹೇಳಿಬಿಟ್ಟಿದೀನಿ."
ಮುಖ ಊದಿಸ್ಕೊಂಡು ಹೋದ್ರು. ಹೋಗ್ಲಿ.
ಆರಕ್ಕೆ ಗಡ್ಡದವನು ಬಂದ. ಸೀದಾ ಹಿಂದುಗಡೆ ಹೋಗಿ ಸ್ಟೂಲ್ ಮೇಲೆ ಕೂತ. ಒಂದೇ ಸಲಕ್ಕೆ ಅವನ ಜಾಗ ಯಾವುದು ಅಂತ ಕಲಿಸಿಬಿಟ್ಟಿದ್ದೆ.
ಕೈ ಹಿಡಿದು ತಂದು ಕನ್ನಡಿ ಮುಂದೆ ಕೂರಿಸಿದೆ. ಒಳ್ಳೇ ಕತ್ತರಿ ತೆಗೆದೆ. ಪೂರ್ತಿ ಒಂದು ಗಂಟೆ. ಮುಗಿದ ಮೇಲೆ ಗಡ್ಡವಿಲ್ಲದ ಕೆನ್ನೆ ಮುಟ್ಟಿ ನೋಡಿಕೊಂಡ. "ಈಗ ಮಗಳು ಗುರುತು ಹಿಡೀತಾಳೆ ಅಣ್ಣ. ಬೆಳಿಗ್ಗೇನೇ ಹೋಗ್ತೀನಿ."

ಮಾರ್ಚ್ 16, ಭಾನುವಾರ, ಸಂಜೆ
ಬಸ್ ಸ್ಟ್ಯಾಂಡಿಗೆ ಮೂರು ಸಲ ಹೋಗಿಬಂದೆ. ಅವನ ಜಾಗ ಖಾಲಿ. ಇನ್ನೂ ಬಂದಿಲ್ಲ ಅಂದ್ರೆ ಮಗಳು ಒಳಗೆ ಕರೆದಳು ಅಂತ ತಾನೇ? ಹೆಂಡತಿ ಊಟಕ್ಕೆ ಕೂಗ್ತಿದ್ದಾಳೆ. ಇನ್ನೊಂದೇ ಒಂದ್ಸಲ ನೋಡಿಕೊಂಡು—