ಆರುನೂರು ಗ್ರಾಂ ಬೆವರು

ಗುರುವಾರ, ಮಧ್ಯಾಹ್ನ
ನಿನ್ನ ಹಳೇ ಮೇಜಿನಿಂದ

ಓಟದಲ್ಲಿ ಶ್ರೇಷ್ಠಳೂ, ಸಿಟ್ಟಿನಲ್ಲಿ ಅದಕ್ಕಿಂತ ಶ್ರೇಷ್ಠಳೂ, ಸದ್ಯ ಫೋನು ಎತ್ತದವಳೂ ಆದ ನನ್ನ ಏಕಮಾತ್ರ ಅಕ್ಕನಿಗೆ,

ತಮ್ಮನಾದ ಈ ಕೋತಿಯ ನಮಸ್ಕಾರಗಳು. ನಿನ್ನ ಎಡಗಾಲಿಗೆ ಮಾತ್ರ ಬೀಳುತ್ತಿದ್ದೇನೆ. ಆಪರೇಷನ್ ಆದ ಬಲಗಾಲಿಗೆ ಯಾರೂ ತೊಂದರೆ ಕೊಡಬಾರದು ಅಂತ ಚಿಕ್ಕಮ್ಮನ ಕಟ್ಟಪ್ಪಣೆ.

ಆರು ವಾರ ತಡವಾಯಿತು, ಕ್ಷಮಿಸು. ಮೂರು ಸಲ ಬರೆದು ಮೂರು ಸಲ ಹರಿದೆ. ಮೊದಲನೆಯದರಲ್ಲಿ ಬರೀ ತಮಾಷೆ ಇತ್ತು, ಎರಡನೆಯದರಲ್ಲಿ ಬರೀ ಅಳು, ಮೂರನೆಯದನ್ನು ಅಮ್ಮ ನೋಡದೆ ಅದರ ಮೇಲೆ ಬಿಸಿ ಪಾತ್ರೆ ಇಟ್ಟಳು. ಆದರೂ ಕಾಗದವೇ ಬರೆಯಬೇಕೆಂದು ಹಟ ಹಿಡಿದೆ. ಫೋನನ್ನಾದರೆ ಕತ್ತರಿಸುತ್ತೀಯ; ಮಾತ್ರೆ ಡಬ್ಬಿಯ ಒಳಗಿನ ಚೀಟಿಯನ್ನೂ ಪೂರ್ತಿ ಓದುವವಳು ಕಾಗದವನ್ನು ಓದದೇ ಬಿಡಲಾರೆ.

ಇನ್ನು ಮೊಕದ್ದಮೆಗೆ ಬರೋಣ. ಚಿಕ್ಕಮ್ಮನ ಮನೆಗೆ ಹೊರಟ ದಿನ, ಊರುಗೋಲು ಹಿಡಿದು ನನ್ನ ಬಾಗಿಲಲ್ಲಿ ನಿಂತು, ಮೊಬೈಲಿನಲ್ಲಿ ಆಡುತ್ತಿದ್ದ ನನ್ನನ್ನು ನೋಡಿ ನೀನು ಅಂದ ಮಾತು ಅಕ್ಷರಶಃ ಹೀಗಿದೆ: "ಕೂತಲ್ಲೇ ಹೆಬ್ಬೆರಳು ಕುಣಿಸೋದಕ್ಕೆ ಅಭ್ಯಾಸ ಅಂತ ಹೆಸರು ಬೇರೆ. ಬೆವರು ಸುರಿಸದವನಿಗೆ ನನ್ನ ಕಷ್ಟ ಏನೋ ಗೊತ್ತು?" ಆ ಮಾತನ್ನು ನೀನು ಸಾಕ್ಷಿಗಳ ಸಮಕ್ಷಮ ವಾಪಸ್ ತೆಗೆದುಕೊಂಡು, ಮುಂದೆ ನನ್ನ ಫೋನು ಎತ್ತತಕ್ಕದ್ದು ಎಂಬುದೇ ನನ್ನ ಪ್ರಾರ್ಥನೆ. ಪುರಾವೆ ಕೆಳಗಿದೆ.

ನಿನ್ನ ಮಂಡಿ ಕೈಕೊಟ್ಟ ಮೇಲೆ ಅಪ್ಪ ಮೈದಾನಕ್ಕೆ ಹೋಗಿರಲಿಲ್ಲ. ಬೇರೆ ಓಟಗಾರರನ್ನು ಸಹಾಯಕ ಕೋಚಿಗೆ ಒಪ್ಪಿಸಿ ಮನೆಯಲ್ಲಿ ಕೂತರು. ಸಿಕ್ಕಿದವರ ಹತ್ತಿರವೆಲ್ಲ ಒಂದೇ ಮಾತು: ಆವತ್ತು ಅವಳನ್ನು ಒಂದು ಸುತ್ತು ಕಡಿಮೆ ಓಡಿಸಬೇಕಿತ್ತು. ಹಾಲಿನವನಿಗೂ ಹೇಳಿದ್ದಾರೆ. ಆ ಪಾಪದವನು ಯಾವ ಸುತ್ತು ಅಂತ ತಿಳಿಯದೆ ಅರ್ಧ ಲೀಟರ್ ಜಾಸ್ತಿ ಕೊಟ್ಟು ಹೋದ. ಅಮ್ಮ ನೋಡಿ ನೋಡಿ ಬೇಸತ್ತು, ಇವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗು ಮಾರಾಯ ಅಂದಳು. ನಮ್ಮ ಮೊಬೈಲ್ ಆಟದ ತಂಡ ಅಭ್ಯಾಸ ಮಾಡುವ ಕೋಣೆಗೇ ಕರೆದುಕೊಂಡು ಹೋದೆ.

ಆ ಕೋಣೆ ಇಸ್ತ್ರಿ ಅಂಗಡಿಯ ಮೇಲಿದೆ. ನಾಲ್ಕು ಕುರ್ಚಿ, ನಾಲ್ಕು ಮೊಬೈಲು, ಒಂದು ಫ್ಯಾನು. ಆಟ ಶುರುವಾದರೆ ಫ್ಯಾನು ಬಂದ್, ಅದರ ಸದ್ದು ಮೈಕಿಗೆ ನುಗ್ಗುತ್ತದೆ. ಕೆಳಗೆ ಇಸ್ತ್ರಿ ಕಾವು, ಮೇಲೆ ನಾವು. ಅಪ್ಪ ಮೈತೂಕದ ತಕ್ಕಡಿಯನ್ನೂ ನೋಟ್‌ಬುಕ್ಕನ್ನೂ ಹೊತ್ತುಕೊಂಡೇ ಬಂದರು. ಅವರ ಪದ್ಧತಿ ನಿನಗೆ ಹೇಳಬೇಕೆ? ನಾಡಿ, ನಿದ್ದೆ, ತೂಕ, ನೋವು, ಹೀಗೆ ನಾಲ್ಕು ಕಾಲಂ. ಮೊದಲ ಮೂರನ್ನು ಅವರೇ ಪರೀಕ್ಷಿಸಿ ಬರೆಯುತ್ತಾರೆ, ನೋವಿನದನ್ನು ಮಾತ್ರ ಆಟಗಾರರೇ ತುಂಬಬೇಕು. ನಿನ್ನ ಪುಟಗಳು ಮುಗಿದ ಕಡೆ ಒಂದು ಗೆರೆ ಎಳೆದು ನನ್ನ ಹೆಸರು ಬರೆದರು. ನಾನು ಏನೋ ತಮಾಷೆ ಮಾಡಬೇಕೆಂದಿದ್ದೆ, ಅದನ್ನು ಬಿಟ್ಟು ತಕ್ಕಡಿ ಹತ್ತಿದೆ.

ಮೊದಲನೇ ದಿನ ನಾಲ್ಕು ಗಂಟೆ ಆಟ. ಆಟಕ್ಕೆ ಮೊದಲು ತೂಕ ನೋಡುವಾಗ ಜೇಬಿನಲ್ಲಿ ಇಸ್ತ್ರಿಯವನ ಬಾಗಿಲಿನ ಬೀಗ ಇಟ್ಟುಕೊಂಡಿದ್ದೆ, ಮುಗಿದ ಮೇಲೆ ತೆಗೆದಿಟ್ಟೆ. ಒಂದೂವರೆ ಕಿಲೋ ಇಳಿದಿತ್ತು. ಅಪ್ಪ ಮುಖ ಎತ್ತದೆ, ಇಷ್ಟು ಇಳಿದವನನ್ನು ಆಸ್ಪತ್ರೆಗೆ ಸೇರಿಸಬೇಕು, ಮೊದಲು ಜೇಬು ತೋರಿಸು ಅಂದರು. ಅಷ್ಟರಲ್ಲಿ ಇಸ್ತ್ರಿಯವನೂ ಬೀಗ ಹುಡುಕುತ್ತಾ ಮೇಲೆ ಬಂದ. ಮಾನ ಮೂರು ಕಾಸಿಗೆ ಹೋಯಿತು.

ಎರಡನೇ ದಿನ ಜೇಬು ಖಾಲಿ, ಮನಸ್ಸು ಶುದ್ಧ. ಆರುನೂರು ಗ್ರಾಂ ಇಳಿದಿತ್ತು. ತಕ್ಕಡಿ ಕೆಟ್ಟಿದೆಯೆಂದು ಅಪ್ಪ ತಾವೇ ಹತ್ತಿ ನೋಡಿದರು. ತಕ್ಕಡಿ ಸರಿಯಾಗಿಯೇ ಇತ್ತು, ಅಪ್ಪನೇ ಎರಡು ಕಿಲೋ ಹೆಚ್ಚಾಗಿದ್ದರು. ಅದನ್ನು ಯಾರಿಗೂ ಹೇಳಬೇಡ ಅಂದರು, ಅದಕ್ಕೇ ನಿನಗೆ ಹೇಳುತ್ತಿದ್ದೇನೆ.

ಮೂರನೇ ದಿನದ್ದು ಮುಖ್ಯ ಪುರಾವೆ. ನಮ್ಮ ತಂಡದ ಗುರುವಿಗೆ ನಾವೆಲ್ಲ ಕನ್ನಡಕ ಅನ್ನುತ್ತೇವೆ. ಆಟದೊಳಗಿನ ಒಂದೇ ಒಂದು ಮೂಲೆಯನ್ನು ತಿರುಗಿ ಒಳಗೆ ನುಗ್ಗುವುದನ್ನು ಆತ ನನ್ನಿಂದ ನೂರ ನಲವತ್ತು ಸಲ ಮಾಡಿಸಿದ. ನೀನು ಒಂದೇ ತಿರುವನ್ನು ಸಂಜೆಯೆಲ್ಲ ಓಡುತ್ತಿದ್ದೆಯಲ್ಲ, ಹಾಗೆ. ಅಪ್ಪ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಆಕಳಿಸುತ್ತಾ ಕೂತಿದ್ದರು. ತೊಂಬತ್ತರ ಸುಮಾರಿಗೆ ಆಕಳಿಕೆ ನಿಂತಿತು. ನೂರರ ಹೊತ್ತಿಗೆ ಎದ್ದು ನನ್ನ ಹಿಂದೆ ಬಂದರು. ಕನ್ನಡಕನಿಗೆ ಹೇಳಿದರು, "ಇವನೂ ಅವಳ ಹಾಗೇ ತಿರುವಿನಲ್ಲಿ ಉಸಿರು ಕಟ್ಟುತ್ತಾನೆ ನೋಡಿ." ನನ್ನ ಭುಜ ಒತ್ತಿ ಕೆಳಗಿಳಿಸಿ, ಉಸಿರು ಬಿಡುತ್ತಾ ತಿರುಗು ಅಂದರು. ಅಲ್ಲಿಂದಾಚೆ ಒಂದೂ ತಪ್ಪಲಿಲ್ಲ.

ನ್ಯಾಯವಾಗಿ ನಿನ್ನ ಕಡೆಯದನ್ನೂ ಒಪ್ಪುತ್ತೇನೆ. ಉರಿಬಿಸಿಲಿನಲ್ಲಿ ಓಡುವುದು ನನ್ನಿಂದ ಆಗದು. ಬಸ್ಸಿಗೆ ಓಡಿದರೇ ಮೂರು ದಿನ ಕಾಲು ನೋಯುತ್ತದೆ. ಆದರೆ ನೀನು ಸೋತಾಗ ಜನ ಪಾಪ ಅನ್ನುತ್ತಾರೆ. ನಾವು ಸೋತರೆ ನಮ್ಮ ಪಕ್ಕದ ಮನೆಯವರೇ, ಇನ್ನಾದರೂ ಒಂದು ಕೆಲಸ ನೋಡ್ಕೋಪ್ಪ ಅನ್ನುತ್ತಾರೆ. ಮಿಕ್ಕಂತೆ ಬೆಳಿಗ್ಗೆ ಏಳುವುದು, ಅದನ್ನೇ ಮಾಡುವುದು, ತಪ್ಪುವುದು, ಮತ್ತೆ ಅದನ್ನೇ ಮಾಡುವುದು, ಎಲ್ಲ ಅದೇ ಅಕ್ಕ.

ಭಾನುವಾರ ಆಯ್ಕೆಯ ಪಂದ್ಯ. ಗೆದ್ದ ತಂಡ ದೊಡ್ಡ ಲೀಗಿಗೆ ಹೋಗುತ್ತದೆ. ನಮ್ಮ ತಂಡ ಗೆದ್ದೇ ಗೆಲ್ಲುತ್ತದೆ, ಅನುಮಾನ ಬೇಡ. ಅಮ್ಮ ಚೆನ್ನಾಗಿದ್ದಾಳೆ, ವ್ಯಾಯಾಮ ತಪ್ಪಿಸಬೇಡ ಅಂದಿದ್ದಾಳೆ. ಚಿಕ್ಕಮ್ಮನ ಬೆಕ್ಕಿಗೆ ನನ್ನ ಗೌರವ ತಿಳಿಸು. ನಿನ್ನ ಕಾಲು ಉಕ್ಕಾಗಲಿ, ಸಿಟ್ಟು ಬೆಣ್ಣೆಯಾಗಲಿ. ವಯಸ್ಸಿನಲ್ಲಿ ಚಿಕ್ಕವನು ಆಶೀರ್ವಾದ ಮಾಡಬಾರದಂತೆ, ಮಾಡಿಬಿಟ್ಟೆ.

ನಿನ್ನ,
ಕೋತಿ (ಆರುನೂರು ಗ್ರಾಂ ಕಡಿಮೆ)

ತಾ.ಕ.: ಮರೆತಿದ್ದೆ ಅಂತ ಬರೆಯಲು ಹೊರಟಿದ್ದೆ. ಮರೆತಿರಲಿಲ್ಲ.

ಭಾನುವಾರ ತಂಡ ಆಡುತ್ತದೆ, ನಾನು ಆಡುವುದಿಲ್ಲ. ಹನ್ನೆರಡು ದಿನದಿಂದ ನನ್ನ ಬಲ ಹೆಬ್ಬೆರಳು ಜೋಮು ಹಿಡಿದಿದೆ. ನೋವಿನ ಕಾಲಂನಲ್ಲಿ ದಿನಾ "ಸರಿ" ಅಂತಲೇ ಬರೆದೆ. ಯಾರಿಂದ ಕಲಿತೆ ಅಂತ ನಿನಗೆ ಗೊತ್ತು. ನಿನ್ನ ಪುಟಗಳಲ್ಲಿ ಹತ್ತೊಂಬತ್ತು ದಿನ "ಮಂಡಿ: ಸರಿ" ಅಂತಿದೆ. ಆ ಹತ್ತೊಂಬತ್ತು ದಿನವೂ ಪಕ್ಕದ ಮನೆಯಿಂದ ಐಸು ತಂದುಕೊಟ್ಟವನು ನಾನು. ಅಪ್ಪನಿಗೆ ಹೇಳಬೇಡ ಅಂತ ನೀನು ನನ್ನಿಂದ ಆಣೆ ಹಾಕಿಸಿಕೊಂಡೆ. ಬಾಯಿ ಮುಚ್ಚಿಕೊಂಡಿರಲು ನಾನು ನಿನ್ನ ಸೈಕಲ್ ಕೇಳಿದೆ, ನೀನು ನಗುತ್ತಾ ಕೊಟ್ಟೆ. ನಾನು ಮಾತು ಉಳಿಸಿಕೊಂಡೆ. ನಿನ್ನ ಮಂಡಿ ಉಳಿಯಲಿಲ್ಲ.

ನಿನ್ನೆ ಬೆಳಿಗ್ಗೆ "ಹೆಬ್ಬೆರಳು: ಸರಿಯಿಲ್ಲ" ಎಂದು ಬರೆದು ಪುಸ್ತಕವನ್ನು ಅಪ್ಪನ ಕೈಗಿಟ್ಟೆ. ಎಷ್ಟು ದಿನದಿಂದ ಅಂತ ಕೇಳಿದರು, ಹೇಳಿದೆ. ಆಮೇಲೆ ಅವರು ಗೆರೆಯ ಹಿಂದಕ್ಕೆ, ನಿನ್ನ ಪುಟಗಳಿಗೆ ತಿರುಗಿಸಿದರು.

"ಅವಳದ್ದು?"

ಆಣೆ ಮುರಿದೆ ಅಕ್ಕ. ಹತ್ತೊಂಬತ್ತು ಅಂದೆ. ಅವರು ಒಂದೊಂದೇ ಪುಟ ಮುಟ್ಟಿ ಎಣಿಸಿದರು. ಬೈಯಲಿಲ್ಲ. ಪುಸ್ತಕ ಮುಚ್ಚಿ, "ಹಾಗಾದ್ರೆ ಆ ಒಂದು ಸುತ್ತಿಂದ ಅಲ್ಲ," ಅಂದರು, ತಮಗೇ ಹೇಳಿಕೊಂಡ ಹಾಗೆ. ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಒಂದು ತಿಂಗಳು ಆಡುವಂತಿಲ್ಲ, ಆಮೇಲೆ ಆಡಬಹುದಂತೆ. ಇವತ್ತು ಬೆಳಿಗ್ಗೆ ಸೀಟಿ ಹುಡುಕಿ ಕತ್ತಿಗೆ ಹಾಕಿಕೊಂಡು ಮೈದಾನಕ್ಕೆ ಹೋದರು. ಇನ್ನು ಮೇಲೆ ನೋವಿನ ಕಾಲಂ ಕೂಡ ತಾವೇ ಕೇಳಿ ಬರೆಯುತ್ತಾರಂತೆ.

ಮಾತು ಮುರಿದವನು ಲಂಚ ಇಟ್ಟುಕೊಳ್ಳಬಾರದು. ಮಂಡಿ ವಾಸಿಯಾಗಲು ಸೈಕಲ್ ತುಳಿಯುವುದು ಒಳ್ಳೆಯದು ಅಂತ ಅದೇ ಡಾಕ್ಟರು ಹೇಳಿದರು. ಚೈನಿಗೆ ಎಣ್ಣೆ ಬಿಟ್ಟಿದ್ದೇನೆ, ಎಡಗೈಯಲ್ಲೇ. ಸೀಟನ್ನು ನಿನ್ನ ಎತ್ತರಕ್ಕೆ ಇಳಿಸಿದ್ದೇನೆ. ಬಂದು ತಗೊಂಡು ಹೋಗು.